ದೀಪ ದೊಡ್ಡದಾಯ್ತು

ಪರಮಶಿವಯ್ಯನವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವೆನ್ಯೂ ರಸ್ತೆಗೆಲ್ಲ ಗೊತ್ತಿದ್ದ ಸಂಗತಿ. ಪೇಪರಿನ ಸಗಟು ಅಂಗಡಿಯಲ್ಲಿ ಕೂತು, ಬಂದ ಗಿರಾಕಿಗೆ "ಈ ಮಾಲು ಬೇಡ ಸ್ವಾಮಿ, ಇಂಕು ಹರಡುತ್ತೆ" ಎಂದು ತಾವೇ ಹೇಳಿ ಎದುರಂಗಡಿಗೆ ಕಳಿಸಿದ ಮಹಾನುಭಾವರು. ಅಪ್ಪಿತಪ್ಪಿ ಸುಳ್ಳು ಹೇಳಹೊರಟರೆ ಎರಡೂ ಕಿವಿ ಕೆಂಪಾಗುತ್ತಿದ್ದವು. ಹೆಂಡತಿ ದಾಕ್ಷಾಯಣಮ್ಮ ಇಷ್ಟು ವರ್ಷ ಸಂಸಾರ ಮಾಡಿದ್ದೇ ಆ ಕಿವಿಗಳನ್ನು ನಂಬಿಕೊಂಡು.

ಆಕೆಯ ಲಿವರಿನಲ್ಲಿ ಕ್ಯಾನ್ಸರ್ ಗೆಡ್ಡೆ ಸಿಕ್ಕಿತು. ಚಿಕಿತ್ಸೆಗೆ ಮುಂಚೆ ಬಸವನಗುಡಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರ್ ಲಾಸ್ಯಾ ಎಂಬ ಚಿಕ್ಕ ವಯಸ್ಸಿನ ಹುಡುಗಿ ಎಲ್ಲ ಬಿಡಿಸಿ ಹೇಳಿದಳು. "ಕೈ ನರಕ್ಕೆ ಒಂದು ಇಂಜೆಕ್ಷನ್ ಕೊಡ್ತೀನಮ್ಮ. ಅದ್ರಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಗುಳ್ಳೆಗಳಿರ್ತವೆ. ರಕ್ತ ಹರಿಯೋ ಕಡೆಯೆಲ್ಲ ಹೋಗಿ ಸ್ಕ್ರೀನಲ್ಲಿ ಹೊಳೀತವೆ. ಗೆಡ್ಡೆಗೆ ಜೀವ ಇದ್ರೆ ದೀಪ ಹಚ್ಚಿದ ಹಾಗೆ ಬೆಳಗುತ್ತೆ. ಔಷಧಿಗೆ ಸತ್ತಿದ್ರೆ ಕಪ್ಪಗೇ ಇರುತ್ತೆ."

ದೀಪ ಎಂದ ಕೂಡಲೇ ದಾಕ್ಷಾಯಣಮ್ಮನವರಿಗೆ ಎಲ್ಲ ಅರ್ಥವಾಯಿತು. ಆದರೆ ಚಾಮರಾಜಪೇಟೆಯ ಅವರ ಮನೆಯಲ್ಲಿ ದೀಪ ಆರಿತು ಎನ್ನುವಂತಿಲ್ಲ, ಅಪಶಕುನ. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು, ದೀಪ ಆರಿದರೆ ದೊಡ್ಡದಾಯ್ತು ಅನ್ನಬೇಕು. ಅತ್ತೆ ಕಲಿಸಿದ ಮಾತು. ಬಾಯಿ ತಪ್ಪಿದರೆ ಆ ಪುಣ್ಯಾತ್ಗಿತ್ತಿ ಸಂಜೆಯೆಲ್ಲ ಗೊಣಗುತ್ತಿದ್ದರು.

ತೊಡೆಯ ಸಂದಿನಿಂದ ಸಣ್ಣ ಕೊಳವೆ ತೂರಿಸಿ, ಗೆಡ್ಡೆಗೇ ಔಷಧಿ ಬಿಟ್ಟು, ಅದಕ್ಕೆ ರಕ್ತ ಹೋಗುವ ದಾರಿ ಮುಚ್ಚಿದರು. ಕೇಳುವುದಕ್ಕೇನೋ ಸಲೀಸು. ಆಮೇಲಿನ ಜ್ವರ, ವಾಂತಿ, ಬಲಪಕ್ಕೆಯಲ್ಲಿ ಒನಕೆಯಿಂದ ಕುಟ್ಟಿದಂಥ ನೋವು ಅನುಭವಿಸಿದವರಿಗೇ ಗೊತ್ತು. ಒಗ್ಗರಣೆ ವಾಸನೆ ಬಂದರೂ ಹೊಟ್ಟೆ ತೊಳೆಸುತ್ತಿತ್ತು. ಇನ್ನೊಂದು ಸಲ ಮಾಡಬೇಕಾಗಬಹುದು ಎಂದು ಆಸ್ಪತ್ರೆಯವರು ಅಂದಾಗ ದಾಕ್ಷಾಯಣಮ್ಮ ಗಂಡನಿಗೆ ಖಡಾಖಂಡಿತವಾಗಿ ಹೇಳಿದರು.

"ನೋಡ್ರೀ, ಸ್ಕ್ಯಾನಲ್ಲಿ ದೀಪ ದೊಡ್ಡದಾಗಿದ್ರೆ ಸರಿ. ಚೂರುಪಾರು ಉಳಿದಿದ್ದಕ್ಕೂ ಆಗ್ಲಿ ಅಂತ ಹಲ್ಲು ಕಚ್ಕೊಂಡು ಇನ್ನೊಂದು ಸಲ ಮಾಡಿಸ್ಕೋತೀನಿ. ಇಷ್ಟೆಲ್ಲ ಆದ್ಮೇಲೂ ಉರೀತಾನೇ ಇದ್ರೆ ಬೇಡ. ನನ್ನ ಪಾಡಿಗೆ ಮನೇಲಿ ಬಿಟ್ಬಿಡಿ. ನಂಗೆ ಮಾತು ಕೊಡಿ."

ಪರಮಶಿವಯ್ಯ ಹೂಂ ಅಂದರು.

ಸ್ಕ್ಯಾನಿನ ದಿನ ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತ ಮಲಗಿದ್ದರು. ಲಾಸ್ಯಾ ಪರಮಶಿವಯ್ಯನವರನ್ನು ಆಚೆ ಕರೆದು ಮಾತಾಡಿದಳು. ಒಳಗೆ ಬಂದ ಗಂಡನನ್ನು ದಾಕ್ಷಾಯಣಮ್ಮ ಕೇಳಿದರು. "ಏನಾಯ್ತು ದೀಪ?"

"ದೊಡ್ಡದಾಯ್ತು," ಅಂದರು ಪರಮಶಿವಯ್ಯ.

ದಾಕ್ಷಾಯಣಮ್ಮ ಗಂಡನ ಕಿವಿ ನೋಡಿದರು. ಕೆಂಪಾಗಿರಲಿಲ್ಲ.

ಆವತ್ತು ಗಾಂಧಿ ಬಜಾರಿನಲ್ಲಿ ಆಟೋ ನಿಲ್ಲಿಸಿ ಮಲ್ಲಿಗೆ ಕೊಂಡು ಮುಡಿದರು. ಮಾರನೆಯ ದಿನ ಕೂತುಕೊಂಡೇ ಹೋಳಿಗೆ ತಟ್ಟಿ ಬೀದಿಗೆಲ್ಲ ಹಂಚಿದರು. ಎರಡನೇ ಸಲದ ಚಿಕಿತ್ಸೆಗೆ ಗೆದ್ದವರ ಹಾಗೆ ನಗುನಗುತ್ತ ಹೋದರು. ಅದು ಮೊದಲಿನದಕ್ಕಿಂತ ಕ್ರೂರವಾಗಿತ್ತು. ನೀರು ಕುಡಿದರೂ ನಿಲ್ಲದು. ತುಮಕೂರಿನಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ ತಪ್ಪಿಹೋಯಿತು. ಆದರೂ ನೊಂದುಕೊಳ್ಳಲಿಲ್ಲ, ಸತ್ತ ಹಾವಿಗೆ ಇನ್ನೊಂದು ಏಟು ತಾನೇ ಎಂದು ಸಮಾಧಾನ ಮಾಡಿಕೊಂಡರು.

ಮತ್ತೆ ಸ್ಕ್ಯಾನಿಗೆ ಹೋದಾಗ ಕಣ್ಣು ಮುಚ್ಚಲಿಲ್ಲ. ಆ ಕಪ್ಪನ್ನು ಕಣ್ತುಂಬ ನೋಡಬೇಕೆಂಬ ಆಸೆ. "ಸ್ವಲ್ಪ ಈ ಕಡೆ ತಿರುಗಿಸು ತಾಯಿ," ಎಂದು ಸ್ಕ್ರೀನು ತಿರುಗಿಸಿಕೊಂಡರು. ಇಂಜೆಕ್ಷನ್ ಹೋಯಿತು. ನೋಡನೋಡುತ್ತಿದ್ದಂತೆ ಬೂದು ಕತ್ತಲೆಯೊಳಗೆ ಗೆಡ್ಡೆ ಜಗ್ಗನೆ ಬೆಳಗಿತು.

"ದೊಡ್ಡದಾಗಿದ್ದ ದೀಪ ಮತ್ತೆ ಹೆಂಗೆ ಹತ್ಕೊಳ್ತು?" ಅಂದರು ದಾಕ್ಷಾಯಣಮ್ಮ.

ಲಾಸ್ಯಾಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಆ ಮನೆಯ ಮಾತು ಅವಳಿಗೇನು ಗೊತ್ತು? "ಹೌದಮ್ಮ, ಹೋದ ಸಲ ಗೆಡ್ಡೆ ದೊಡ್ಡದಾಗಿತ್ತು. ಈಗ ಇನ್ನೂ ಸ್ವಲ್ಪ ದೊಡ್ಡದಾಗಿದೆ. ಯಜಮಾನ್ರಿಗೆ ಹೇಳಿದ್ನಲ್ಲ, ನಿಮಗೆ ಮನೇಲಿ ನಿಧಾನಕ್ಕೆ ಹೇಳ್ತೀನಿ ಅಂದ್ರು."

ದಾಕ್ಷಾಯಣಮ್ಮನವರಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಹೊಟ್ಟೆ ಮೇಲಿನ ಜೆಲ್ ತಣ್ಣಗೆ ಕೊರೆಯುತ್ತಿತ್ತು. ತಾವೇ ಒರೆಸಿಕೊಂಡು ಎದ್ದರು.

ಆಚೆ ಕೂತಿದ್ದ ಗಂಡನಿಗೆ ಲಾಸ್ಯಾ ಅಂದದ್ದನ್ನು ಹೇಳಿ ಆಟೋ ಹತ್ತಿದರು. ಮನೆಯ ಬಾಗಿಲು ಹಾಕಿದ ಮೇಲೆ ಪರಮಶಿವಯ್ಯನವರೇ ಶುರು ಮಾಡಿದರು. "ನಾನು ಸುಳ್ಳು ಹೇಳ್ಲಿಲ್ಲ ದಾಕ್ಷಾಯಣಿ."

"ಇಲ್ಲ, ಹೇಳ್ಲಿಲ್ಲ. ಹೇಳಿದ್ರೆ ನಿಮ್ಮ ಕಿವಿ ಹೇಳಿರೋದು. ನಿಜಾನೇ ಹೇಳಿ ಮೋಸ ಮಾಡಿದ್ರಿ."

"ನೀನು ಬೇಡ ಅಂದ್ಬಿಡ್ತೀಯ ಅಂತ ಭಯ ಆಯ್ತು. ಇನ್ನೊಂದು ಸಲ ಮಾಡಿಸಿದ್ರೆ ಉಳೀತೀಯೇನೋ ಅಂತ..."

"ಬೇಡ ಅನ್ನೋದು ನನ್ನ ಬಾಯಲ್ಲಿತ್ತು. ಅದನ್ನೇ ಕಿತ್ಕೊಂಡ್ರಿ. ನೋವು ತಿಂದಿದ್ದು ನಾನು, ವಾಂತಿ ಮಾಡಿದ್ದು ನಾನು. ಗೆದ್ದೆ ಅಂತ ಬೀದಿಗೆಲ್ಲ ಹೋಳಿಗೆ ಹಂಚಿದೆ. ಆ ಹೋಳಿಗೆ ನೀವೂ ತಿಂದ್ರಲ್ಲ, ತುಪ್ಪ ಹಾಕ್ಕೊಂಡು. ಹೆಂಗ್ರೀ ಇಳೀತು ಗಂಟಲಲ್ಲಿ?"

ಪರಮಶಿವಯ್ಯ ಪ್ರೀತಿಯಿಂದಲೇ ಮಾಡಿದ್ದರು, ಅದರಲ್ಲಿ ಅನುಮಾನವಿಲ್ಲ. ದಾಕ್ಷಾಯಣಮ್ಮನವರ ಹೊಟ್ಟೆ ಉರಿದದ್ದೂ ಅದಕ್ಕೇ. ಬೇರೆ ಯಾರಾದರೂ ಮಾಡಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

"ಮೂರನೇ ಸಲಕ್ಕೆ ನಾನು ಬರಲ್ಲ," ಅಂದರು.

ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚಿ, ದಾಕ್ಷಾಯಣಮ್ಮ ನಡುಮನೆಯ ಕುರ್ಚಿಯಲ್ಲಿ ಒರಗಿದ್ದರು. ಎಣ್ಣೆ ತೀರಿತ್ತೋ ಏನೋ, ದೀಪ ಒಮ್ಮೆ ಜಿಗಿದು ಹೊಗೆಯಾಡಿತು. ಬತ್ತಿಯ ವಾಸನೆ ನಡುಮನೆಗೂ ಬಂತು. ಪರಮಶಿವಯ್ಯ ದೇವರ ಮನೆಯ ಹೊಸ್ತಿಲಲ್ಲೇ ಇದ್ದರು.

"ಏನಾಯ್ತು ದೀಪ?" ಕೂತಲ್ಲಿಂದಲೇ ಕೇಳಿದರು ದಾಕ್ಷಾಯಣಮ್ಮ.

ಪರಮಶಿವಯ್ಯ ಎಣ್ಣೆಯ ಗಿಂಡಿ ಹುಡುಕತೊಡಗಿದರು.

"ಹೇಳ್ರೀ. ನಾಳೆ ನಾನು ಹೋದಾಗ್ಲೂ ಬಂದವರಿಗೆಲ್ಲ ದೊಡ್ಡದಾಯ್ತು ಅಂತೀರಾ?"

ಪರಮಶಿವಯ್ಯ ಎಣ್ಣೆ ಹುಯ್ದು, ಕಡ್ಡಿ ಗೀರಿ, ದೀಪ ಹಚ್ಚಿಬಿಟ್ಟರು. ಹಚ್ಚಿದ ಮೇಲೆ ಹೇಳಬೇಕಾಗಿಲ್ಲವಲ್ಲ.

"ಆರಿತ್ತು," ಎಂದು ದಾಕ್ಷಾಯಣಮ್ಮ ತಾವೇ ಹೇಳಿ, ಕೈ ಮುಗಿಯದೆ ಎದ್ದು ಒಳಗೆ ಹೋದರು.