ಸಿಪ್ಪೆಯ ಸಾಕ್ಷಿ

ನಮ್ಮ ಭಾವ ಯಾವ ಹೋಟೆಲನ್ನೂ ಮುಂಬಾಗಿಲಿನಿಂದ ಹೊಕ್ಕವರಲ್ಲ. ಲೋಕದ ಜನರೆಲ್ಲ ಬೋರ್ಡು ಓದಿ, ಗಾಜಿನಾಚೆ ಇಣುಕಿ, ಹಸಿವಿನ ಮಾತು ಕೇಳಿ ಒಳಗೆ ಕಾಲಿಡುವಾಗ ಅವರು ಮಾತ್ರ ಪಕ್ಕದ ಸಂದಿಗೆ ನುಗ್ಗಿ, ಖಾಲಿ ಸಿಲಿಂಡರುಗಳ ನಡುವೆ ದಾರಿ ಮಾಡಿಕೊಂಡು, ಅಡುಗೆಮನೆಯ ಹಿಂದಿಟ್ಟ ಕಸದ ಡ್ರಮ್ಮಿನ ಎದುರು ಹೋಗಿ ನಿಲ್ಲುತ್ತಿದ್ದರು. ಆಮೇಲೆ ಒರೆಯಿಂದ ಖಡ್ಗ ಹಿರಿದಂತೆ ಕೋಟಿನ ಒಳಜೇಬಿನಿಂದ ಒಂದು ಉಕ್ಕಿನ ಕಡ್ಡಿ ಹೊರಬರುತ್ತಿತ್ತು. ಕ್ಯಾರೆಟ್ಟಿನ ಸಿಪ್ಪೆ, ಕೋಸಿನ ಹೊರ ಎಲೆ, ಮಣ್ಣು ಮೆತ್ತಿದ ಸೊಪ್ಪಿನ ಬೇರು ಕಂಡರೆ ಅವರ ಮುಖದಲ್ಲಿ ಬೆಳದಿಂಗಳು. ತಗಡಿನ ಡಬ್ಬಿಯೋ ಬಣ್ಣದ ಪ್ಯಾಕೆಟ್ಟೋ ಕಂಡರೆ ಆ ಹೋಟೆಲಿನ ಕಥೆ ಅಲ್ಲಿಗೆ ಮುಗಿಯಿತು. ಅದಕ್ಕೇ ಮನೆಮಂದಿಯೆಲ್ಲ ಅವರ ಬೆನ್ನ ಹಿಂದೆ ಸಿಪ್ಪೆ ಭಾವ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು. ಯಾವುದೋ ಪದವಿ ಪ್ರದಾನವಾದಂತೆ ಒಳಗೊಳಗೇ ಹಿಗ್ಗುತ್ತಿದ್ದರು.

ಈ ವಿದ್ಯೆ ಅವರಿಗೆ ನೌಕರಿಯಿಂದ ಬಂದದ್ದು. ಮೂವತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ನಷ್ಟ ಅಂದಾಜು ಮಾಡುವ ಕೆಲಸ. ಎಲ್ಲಾದರೂ ಗೋದಾಮು ಸುಟ್ಟರೆ ಮರುದಿನ ಬೆಳಿಗ್ಗೆ ಭಾವ ಆ ಬೂದಿಯಲ್ಲಿ ಕಡ್ಡಿಯಾಡಿಸುತ್ತ ನಿಂತಿರುತ್ತಿದ್ದರು. ಸುಟ್ಟದ್ದು ರೇಷ್ಮೆಯೋ ಗೋಣಿಚೀಲವೋ ಎಂಬುದನ್ನು ಬೂದಿಯ ಬಣ್ಣ ನೋಡಿ ಹೇಳುತ್ತಿದ್ದರು. ಮಾಲೀಕ ಎಷ್ಟು ಅತ್ತರೂ ಕರಗುತ್ತಿರಲಿಲ್ಲ. "ಮನುಷ್ಯ ಬಾಯಿಬಿಟ್ಟ ಅಂದ್ರೆ ಸುಳ್ಳೇ. ಬೂದಿಗೆ ಬಾಯಿಲ್ಲ ನೋಡು, ಅದಕ್ಕೇ ಅದನ್ನ ನಂಬಬಹುದು" ಎಂಬುದು ಅವರ ಸಿದ್ಧಾಂತ. ಬೂದಿಯೇ ಇಲ್ಲದ ಕಡೆ ಸರಕೂ ಇರಲಿಲ್ಲ, ಬೆಂಕಿ ಬೀಳುವ ಮೊದಲೇ ಯಾರೋ ಸಾಗಿಸಿದ್ದಾರೆ ಎಂಬುದು ಅದರ ಉಪಸಿದ್ಧಾಂತ. ಈ ಉಪಸಿದ್ಧಾಂತವನ್ನು ದಯವಿಟ್ಟು ಮರೆಯಬೇಡಿ. ಮುಂದೆ ನಮ್ಮ ಅಕ್ಕನನ್ನು ಉಪವಾಸ ಕೆಡವಿದ್ದು ಇದೇ.

ಅವರ ನಡಿಗೆಯೂ ಆ ಕೆಲಸದ್ದೇ. ಮೊದಲು ಮೂಗು ಹೋಗುತ್ತಿತ್ತು, ಹಿಂದೆ ತಲೆ, ಕಾಲುಗಳು ನಿಧಾನವಾಗಿ ಬಂದು ಸೇರಿಕೊಳ್ಳುತ್ತಿದ್ದವು. ಏನು ಹೇಳಬೇಕಾದರೂ "ದಾಖಲಾಗಲಿ" ಎಂದೇ ಶುರು. ದಾಖಲಾಗಲಿ, ನನಗೆ ಹಸಿವಾಗಿದೆ. ದಾಖಲಾಗಲಿ, ಈ ದಿಂಬು ನನ್ನದಲ್ಲ. ಇದನ್ನೆಲ್ಲ ದಾಖಲಿಸಿಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ.

ಭಾವ ನಿವೃತ್ತರಾದ ವರ್ಷವೇ ಅಕ್ಕ ಕಾಯಿಲೆ ಬಿದ್ದಳು. ವಿಚಿತ್ರ ಜ್ವರ, ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವಳ ತೂಕ ಮೂವತ್ತೆಂಟು ಕಿಲೋ. ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು. ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು, "ಮಾತ್ರೆಗಳ ಕೆಲಸ ಮುಗೀತು. ಇನ್ನು ಅವರು ತಿನ್ನಬೇಕು. ಆವತ್ತು ಕಿತ್ತದ್ದು, ಆವತ್ತೇ ಬೇಯಿಸಿದ್ದು ಕೊಡಿ. ತೂಕ ಇಳೀತಾ ಹೋದ್ರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತೆ, ಈ ಸಲ ಇಷ್ಟು ಸುಲಭವಾಗಿ ಕಳಿಸೋಕಾಗಲ್ಲ" ಎಂದರು.

ಅಕ್ಕನ ನಾಲಿಗೆಯೋ, ಜ್ವರದ ನಂತರ ಭಾವನಿಗಿಂತ ಕಟ್ಟುನಿಟ್ಟಿನ ಪರೀಕ್ಷಕನಾಗಿಬಿಟ್ಟಿತ್ತು. ಫ್ರಿಜ್ಜಿನಲ್ಲಿಟ್ಟದ್ದು, ನಿನ್ನೆಯದು, ಡಬ್ಬಿಯದು ಎಂದರೆ ಒಂದೇ ಚಮಚ; ತಟ್ಟೆ ಅತ್ತ ಸರಿಯುತ್ತಿತ್ತು. ಎದ್ದು ಬೇಯಿಸಿಕೊಳ್ಳಲು ಅವಳಿಗೆ ತ್ರಾಣವಿಲ್ಲ. ಮೊದಲ ದಿನ ಭಾವನೇ ಒಲೆ ಹಚ್ಚಿದರು. ಪಾತ್ರೆ ಹೊತ್ತಿ, ಹೊಗೆ ಪಡಸಾಲೆಗೆ ಬಂದು, ಕೊನೆಗೆ ತಾವೇ ಸುಟ್ಟ ಪಾತ್ರೆಯ ನಷ್ಟವನ್ನು ತಾವೇ ಪರಿಶೀಲಿಸುತ್ತ ಕೂತರು.

"ರೀ, ಅಡುಗೆಮನೆಗೆ ವಿಮೆ ಮಾಡಿಸಿದ್ದೀರಾ?" ಎಂದಳು ಮಂಚದ ಮೇಲಿಂದ ಅಕ್ಕ.

"ದಾಖಲಾಗಲಿ, ಇದು ಪಾತ್ರೆಯ ದೋಷ" ಎಂದರು ಭಾವ.

ಮರುದಿನ ದಿಗ್ವಿಜಯ ಹೊರಟಿತು. ಒಂಬತ್ತು ದಿನಗಳಲ್ಲಿ ಇಪ್ಪತ್ಮೂರು ಹೋಟೆಲು. ಒಂದರ ಮುಂದೆ 'ಹೊಲದಿಂದ ನೇರ ನಿಮ್ಮ ತಟ್ಟೆಗೆ' ಎಂದು ಆಳೆತ್ತರದ ಬೋರ್ಡು, ಮಾಡಿನಿಂದ ಇಳಿಬಿದ್ದ ಬಳ್ಳಿಗಳು. ಭಾವ ಒಂದೆಲೆ ಚಿವುಟಿ ನೋಡಿದರೆ ಅದು ಪ್ಲಾಸ್ಟಿಕ್ಕು. ಹಿಂದಿನ ಡ್ರಮ್ಮಿನಲ್ಲಿದ್ದ ಬಟಾಣಿಯ ಚೀಲಗಳು ಎರಡು ಸಮುದ್ರ ದಾಟಿ ಬಂದಿದ್ದವು. ಇನ್ನೊಂದರಲ್ಲಿ ಸಪ್ಲೈಯರನ್ನು ನಿಲ್ಲಿಸಿ, "ಈ ಬೀನ್ಸು ಯಾವ ಕಡೆಯದಪ್ಪಾ?" ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿ, "ಫ್ರಿಜ್ಜಿನ ಕಡೇದು ಸಾರ್" ಎಂದ. ಒಂಬತ್ತು ದಿನಗಳಲ್ಲಿ ಸಿಕ್ಕ ಏಕೈಕ ಸತ್ಯವಂತನೆಂದು ಭಾವ ಅವನ ಕೈ ಕುಲುಕಿ ಬಂದರು. ಮತ್ತೊಂದು ಕಡೆ ಅಡುಗೆಯವನು ಇವರನ್ನು ತಿಂಡಿ ಹುಡುಕಲು ಬಂದ ನಿರ್ಗತಿಕನೆಂದು ತಿಳಿದು, ಮರುಗಿ, ಬ್ರೆಡ್ಡಿನ ಎರಡು ತುಂಡು ಕೊಟ್ಟ. ಭಾವ ಅದನ್ನು ಮೂಸಿ, ಹಳೆಯದೆಂದು ವಾಪಸ್ಸು ಮಾಡಿದರು.

ಇಪ್ಪತ್ನಾಲ್ಕನೆಯದು ಹಳೆಯ ಮುದ್ರಣಾಲಯದ ಪಕ್ಕ, ಎಂಟೇ ಮೇಜಿನದು. ಬೋರ್ಡಿನಲ್ಲಿ 'ಊಟ' ಎಂಬ ಎರಡಕ್ಷರ ಬಿಟ್ಟರೆ ಬೇರೆ ಬಡಾಯಿಯಿಲ್ಲ. ಒಡತಿಯೇ ಅಡುಗೆಯವಳು, ನಲವತ್ತೈದರ ದಪ್ಪ ಹೆಂಗಸು. ಊರಾಚೆ ಕೆರೆಯ ಹಿಂದೆ ತರಕಾರಿ ಬೆಳೆಯುವವನೊಬ್ಬ ದಿನಾ ಬೆಳಿಗ್ಗೆ ತನ್ನ ಗಾಡಿಯಲ್ಲಿ ಕ್ರೇಟು ತಂದಿಳಿಸುತ್ತಿದ್ದ; ಏನು ಬಂತೋ ಅದೇ ಆ ದಿನದ ಅಡುಗೆ. ಅವಳ ಡ್ರಮ್ಮಿನ ಮುಚ್ಚಳ ಸರಿಸಿದ ಭಾವ ನಿಧಿ ಕಂಡವರಂತೆ ನಿಂತುಬಿಟ್ಟರಂತೆ. ಕಂಠದವರೆಗೂ ಸಿಪ್ಪೆ.

ಅಂದಿನಿಂದ ಮಧ್ಯಾಹ್ನ ಹನ್ನೆರಡಕ್ಕೆ ಮೂರು ಅಂತಸ್ತಿನ ಕ್ಯಾರಿಯರು ಹಿಡಿದು ಭಾವ ಹೊರಡುವುದು, ಅಕ್ಕ ಸೊಪ್ಪಿನ ಸೂಪು, ಬೇಯಿಸಿದ ತರಕಾರಿ ಉಣ್ಣುವುದು ನಡೆಯಿತು. ಮೊದಲು ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಬೆರಳಲ್ಲಿ ಬಳಿದು. ಆರು ವಾರಕ್ಕೆ ನಲವತ್ತೆರಡು ಕಿಲೋ. ಬಳೆ ಕೈಯಲ್ಲಿ ನಿಂತಿತು. ಭಾವ ಬಂಧುಬಳಗಕ್ಕೆಲ್ಲ ಫೋನು ಮಾಡಿ ಆ ಹೋಟೆಲನ್ನು ಹೊಗಳಿದರು.

ಹೊಗಳಿದ ಮೇಲಾದರೂ ಪರೀಕ್ಷೆ ನಿಲ್ಲಿಸಬೇಡವೇ? ಇಲ್ಲ. ಒಂದು ಸೋಮವಾರ ಮುಚ್ಚಳ ಸರಿಸಿದರೆ ಡ್ರಮ್ಮಿನಲ್ಲಿ ಕೈ ಒರೆಸಿದ ಕಾಗದ, ನಿಂಬೆಯ ನಾಲ್ಕು ಬೀಜ, ಅಷ್ಟೇ. ಮಂಗಳವಾರವೂ ಅಷ್ಟೇ. ಬುಧವಾರ ಭಾವ ಖಾಲಿ ಕ್ಯಾರಿಯರಿನೊಡನೆ ಮನೆಗೆ ಬಂದು ತೀರ್ಪು ಓದಿದರು.

"ಸಿಪ್ಪೆ ಇಲ್ಲ ಅಂದ್ರೆ ತರಕಾರಿ ಇಲ್ಲ. ಹೆಚ್ಚಿದ್ದನ್ನ ಪ್ಯಾಕೆಟ್ಟಲ್ಲಿ ತರಿಸ್ತಿದಾಳೆ."

"ಪ್ಯಾಕೆಟ್ಟು ಸಿಕ್ತಾ?" ಎಂದೆ.

"ಅದನ್ನೂ ಬಚ್ಚಿಟ್ಟಿದಾಳೆ. ಪಳಗಿದ ಕೈ!"

"ಒಳಗೆ ಹೋಗಿ ಅವರನ್ನೇ ಕೇಳಬಾರದಾ ಭಾವ?"

ಅವರು ನನ್ನನ್ನು ಕನಿಕರದಿಂದ ನೋಡಿದರು. ಆರೋಪಿಯನ್ನೇ ಕೇಳುವುದೆಂದರೆ ಮೂವತ್ತೆರಡು ವರ್ಷದ ವಿದ್ಯೆಗೆ ಅವಮಾನ. ಬಂಧುಬಳಗಕ್ಕೆಲ್ಲ ಮತ್ತೆ ಫೋನುಗಳು ಹೋದವು.

ಭಾವ ಮಾಡಿಟ್ಟಿದ್ದ ಹೋಟೆಲುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದ ಹೋಟೆಲಿನಿಂದ ಊಟ ಬಂತು, ಆಮೇಲೆ ಮೂರನೆಯದರಿಂದ. ಒಂದೊಂದೇ ಚಮಚ, ತಟ್ಟೆ ಅತ್ತ. ಮೂರು ವಾರಕ್ಕೆ ತೂಕದ ಮುಳ್ಳು ಮೂವತ್ತೊಂಬತ್ತಕ್ಕೆ ಬಂದು ನಿಂತಿತು. ಡಾಕ್ಟರ ಬಳಿ ಹೋಗಬೇಕಾದ ದಿನಕ್ಕೆ ಇನ್ನು ಐದೇ ದಿನ. ಭಾವ ತೂಕದ ಯಂತ್ರವನ್ನೇ ಅನುಮಾನಿಸಿ ಅದರ ಹೊಟ್ಟೆ ಬಿಚ್ಚಿದರು. ಆ ಬೆಳಿಗ್ಗೆ ಅಕ್ಕ ನನಗೆ ಫೋನು ಮಾಡಿದಳು. "ಬಾರೋ, ನನ್ನ ಕೈ ಹಿಡ್ಕೊಂಡು ನಡೆಸು. ನಿನ್ನ ಭಾವನ ನ್ಯಾಯ ತೀರೋ ಹೊತ್ತಿಗೆ ನಾನೇ ತೀರಿಹೋಗ್ತೀನಿ."

ಎರಡು ಬೀದಿಯ ದಾರಿ. ಮೂರು ಕಡೆ ಕೂತೆವು. ಇಪ್ಪತ್ತು ಹೆಜ್ಜೆ ಹಿಂದೆ ಭಾವ, ಈ ಮೆರವಣಿಗೆಗೂ ತಮಗೂ ಸಂಬಂಧವಿಲ್ಲವೆಂಬಂತೆ ಅಂಗಡಿಗಳನ್ನು ನೋಡುತ್ತ ಬರುತ್ತಿದ್ದರು. ಹೋಟೆಲು ಬಂದಾಗ ನಾವು ಒಳಗೆ ಹೋದೆವು, ಅವರು ಅಭ್ಯಾಸಬಲದಿಂದ ಸಂದಿಗೆ ಹೋದರು.

ಒಡತಿ ಅಕ್ಕನ ಮುಖ ಎಂದೂ ಕಂಡವಳಲ್ಲ. ನನ್ನ ಕೈಯಲ್ಲಿದ್ದ ಕ್ಯಾರಿಯರು ಕಂಡದ್ದೇ ಸೌಟು ಹಿಡಿದೇ ಓಡಿ ಬಂದಳು. "ಅಯ್ಯೋ, ಈ ಕ್ಯಾರಿಯರಿನ ಅಮ್ಮನಾ ನೀವು! ಎಲ್ಲಿ ಹೋಗಿದ್ರಿ? ನಿಮ್ಮ ಯಜಮಾನ್ರು ಇದನ್ನ ಒಂದಿನಾನೂ ತೊಳೆದು ತಂದವರಲ್ಲ. ಮುಚ್ಚಳ ತೆಗೆದ್ರೆ ನಂಗೆ ಗೊತ್ತಾಗ್ತಿತ್ತು, ಇವತ್ತು ಅಮ್ಮ ಎಷ್ಟು ಉಂಡ್ರು ಅಂತ. ಪೂರ್ತಿ ಬಳಿದಿದ್ದ ದಿನ ನಾನೂ ಒಂದು ತುತ್ತು ಜಾಸ್ತಿ ಉಣ್ತಿದ್ದೆ. ಆಮೇಲೆ ಕ್ಯಾರಿಯರೇ ಬರಲಿಲ್ಲ. ಏನೇನೋ ಅಂದ್ಕೊಂಡೆ ಕಣಮ್ಮಾ."

ಅಕ್ಕ ಕೂತು, ಒಡತಿ ತಂದಿಟ್ಟ ಸೂಪಿಗೆ ಚಮಚ ಹಾಕಿದಳು.

ಅಷ್ಟರಲ್ಲಿ ಹಿಂದುಗಡೆ ವಿಚಾರಣೆ ಆರಂಭವಾಗಿದ್ದು ಕಿಟಕಿಯಿಂದ ಕೇಳಿಸಿತು. ತರಕಾರಿ ಬೆಳೆಯುವವನು ಖಾಲಿಯಾದ ಕ್ರೇಟಿಗೆ ಏನನ್ನೋ ತುಂಬಿ ಗಾಡಿಗೇರಿಸುತ್ತಿದ್ದ.

"ನಿಲ್ಲಯ್ಯಾ. ಏನದು?"

"ಸಿಪ್ಪೆ ಸ್ವಾಮಿ."

"ಎಲ್ಲಿಗೆ ಸಾಗಿಸ್ತಿದೀಯ?"

"ಆಡಿಗೆ."

"ಯಾವಾಗಿಂದ?"

"ಆಡು ತಂದಾಗಿಂದ. ಒಂದು ತಿಂಗಳಾಗ್ತಾ ಬಂತು. ಎರಡಿವೆ. ನಿಮಗೇನಾದ್ರೂ ಬೇಕಿತ್ತಾ?"

ಆಮೇಲೆ ಭಾವ ಅಡುಗೆಮನೆಯೊಳಗಿಂದಲೇ ಬಂದು, ಒಡತಿಯ ಎದುರು ನಿಂತು, ಮುನ್ನುಡಿಯಿಲ್ಲದೆ, "ನಾನು ನಿಮ್ಮ ಮೇಲೆ ಸುಳ್ಳು ಹೇಳಿದೆ. ಊರೆಲ್ಲ ಹೇಳಿದೆ. ತಪ್ಪಾಯ್ತು" ಎಂದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. "ಇರ್ಲಿ ಬಿಡಿ ಸಾರ್, ಮೊದಲು ಕೂತ್ಕೊಳ್ಳಿ" ಎಂದಳು. ಅಕ್ಕ ತಲೆ ಎತ್ತದೆಯೇ ಪಕ್ಕದ ಕುರ್ಚಿಯನ್ನು ಕಾಲಿನಿಂದ ಸರಿಸಿದಳು.

ಮುಂದಿನ ಮೂರು ದಿನ ಭಾವ ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಎಷ್ಟು ಶ್ರದ್ಧೆಯಿಂದ ಎಂದರೆ, ಮೊದಲ ಆರೋಪವನ್ನೇ ಕೇಳಿರದ ಆರೇಳು ಮನೆಯವರಿಗೂ ಅದು ಈಗ ತಿಳಿಯಿತು. ಕೆರೆಯ ಹಿಂದಕ್ಕೂ ಹೋಗಿ ಆಡುಗಳನ್ನು ಎಣಿಸಿ ಬಂದರು. ಎರಡೇ. ಡಾಕ್ಟರ ಯಂತ್ರದ ಮೇಲೆ ನಿಂತ ದಿನ ಅಕ್ಕ ನಲವತ್ತಕ್ಕೆ ಒಂದಿಷ್ಟು ಮೇಲಿದ್ದಳು. ಡಾಕ್ಟರು ಹುಬ್ಬು ಗಂಟಿಕ್ಕಿದರು, ಮತ್ತೆ ಸಡಿಲಿಸಿದರು, "ಸರಿ, ಮನೆಗೇ ಹೋಗಿ" ಎಂದರು.

ಇಂಥವರದೊಂದು ಕುಲವೇ ಇದೆ. ತಮ್ಮವರ ಬಾಯಿಗೆ ಕೆಟ್ಟ ತುತ್ತು ಬೀಳಬಾರದೆಂದು ಇಡೀ ಊರನ್ನೇ ಕಟಕಟೆಯಲ್ಲಿ ನಿಲ್ಲಿಸುವವರು. 'ನೀನು ಬದುಕಬೇಕು' ಎಂಬ ಮಾತು ಅವರ ಗಂಟಲಿನಿಂದ ಏಳುವುದಿಲ್ಲ. ಅದರ ಬದಲು ಮೈಲಿಗಟ್ಟಲೆ ನಡೆಯುತ್ತಾರೆ, ಮೂಸುತ್ತಾರೆ, ಕೆದಕುತ್ತಾರೆ. ಅವರ ತೀರ್ಪು ನೂರಕ್ಕೆ ತೊಂಬತ್ತೊಂಬತ್ತು ಸರಿಯೇ. ತಪ್ಪಿದ ಆ ಒಂದರ ದಂಡವನ್ನು ಮಾತ್ರ ಅವರು ಯಾರಿಗಾಗಿ ಇಷ್ಟೆಲ್ಲ ಅಲೆದರೋ ಅವರೇ ತೆರುತ್ತಾರೆ. ಎದುರಿಗೆ ಕೂತು, ಉಣ್ಣುವವರ ಮುಖ ನೋಡುವುದು ಎಂಬ ಸಣ್ಣ ಪರೀಕ್ಷೆಯೊಂದಿದೆ. ಅದಕ್ಕೆ ಯಾವ ಸಲಕರಣೆಯೂ ಬೇಕಿಲ್ಲ; ಬಹುಶಃ ಅದಕ್ಕೇ ಅದು ಈ ಕುಲದವರಿಗೆ ಎಲ್ಲಕ್ಕಿಂತ ಕೊನೆಗೆ ಹೊಳೆಯುತ್ತದೆ.