ಏಳನೇ ಹೆಜ್ಜೆ

"ಏಳನೇ ಹೆಜ್ಜೆ ಎಲ್ಲಿ ಬರೆದಿಟ್ಟಿದ್ದಾರೆ ಅಕ್ಕಾ?" ಎನ್ನುತ್ತ ಗಡ್ಡದವನು ಡ್ರಾಯರನ್ನೇ ಎಳೆದು, ಒಳಗಿದ್ದ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಸುರುವಿದ. ಆ ಹಾಸಿಗೆಯ ಯಜಮಾನ ನಡುಮನೆಯಲ್ಲಿ ಹೆಣವಾಗಿ ಮಲಗಿದ್ದ.

"ಇಲ್ಲೇ ಎಲ್ಲೋ ಇರಬೇಕು," ಎಂದಳು ಸತ್ತವನ ತಂಗಿ.

"ಉರಿಯೋ ಮನೇಲಿ ಗಳ ಹಿರಿಯೋಕೆ ಬಂದಿದಾರೆ," ಎಂದು ಚಿಕ್ಕಮ್ಮ ಬಾಗಿಲಲ್ಲೇ ಗೊಣಗಿದರು.

ಹಾಗೆ ನೋಡಿದರೆ ಬಂದವರು ಕಳ್ಳರೇನಲ್ಲ. ಗಡ್ಡದವನು, ಕನ್ನಡಕದ ಹುಡುಗಿ, ಅವರಂಥ ಇನ್ನೂ ಹಲವರು ಸೇರಿ ಸಂದೇಶ ಕಳಿಸುವ ಸಾಫ್ಟ್‌ವೇರ್ ಒಂದನ್ನು ಕಟ್ಟಿ ಊರಿಗೆಲ್ಲ ಪುಕ್ಕಟೆ ಹಂಚುತ್ತಿದ್ದರು. ಯಾವ ಕಂಪನಿಯ ಹಂಗೂ ಬೇಡ, ಸಂದೇಶಗಳನ್ನೆಲ್ಲ ಕೂಡಿಡುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದು ಮನೆಯಲ್ಲಿದ್ದರಾಯಿತು. ಅದನ್ನು ಹಾಕಿಕೊಳ್ಳುವುದು ಹೇಗೆಂದು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಡುತ್ತಿದ್ದವನು ಅಣ್ಣ. ಹಗಲು ಹೊತ್ತು ನೀರು ಸರಬರಾಜು ಕಚೇರಿಯ ಗುಮಾಸ್ತ. ಹೊಸ ಆವೃತ್ತಿ ಅಂದು ಸಂಜೆ ಆರಕ್ಕೆ ಬಿಡುಗಡೆಯಾಗಬೇಕಿತ್ತು. ಸಾವಿಗೆ ಅದೆಲ್ಲ ಗೊತ್ತಿರಲಿಲ್ಲ.

ತಂಗಿಯ ಚಿಂತೆ ಬೇರೆ. ಬೆಳಗಿನ ಐದಕ್ಕೆ ಆಸ್ಪತ್ರೆಯಿಂದ ಅಣ್ಣ ತನ್ನ ದನಿಯಲ್ಲೇ ನಾಲ್ಕು ನಿಮಿಷದ ಸಂದೇಶ ಕಳಿಸಿದ್ದ. ಅವಳು ಎದ್ದು ನೋಡುವಷ್ಟರಲ್ಲಿ ಅವನು ಹೋದ ಸುದ್ದಿಯೂ ಬಂದಿತ್ತು. ಎಲ್ಲರೂ ಹೊರಟ ಮೇಲೆ ಒಬ್ಬಳೇ ಕೂತು ಕೇಳಬೇಕು ಎಂದುಕೊಂಡಿದ್ದಳು. ಫೋನಿನಲ್ಲಿ ಕಾಣುತ್ತಿತ್ತು ಅಷ್ಟೆ. ಆ ದನಿ ಇದ್ದದ್ದು ಅಣ್ಣನ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ.

*

ಹಿಂದಿನ ಭಾನುವಾರ ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಮುಂದಿದ್ದಳು.

"ಏ ದಡ್ಡಿ, ಕೇಳಿಲ್ಲಿ. ಏಳನೇ ಹೆಜ್ಜೆ: ಹಳೇ ಸಂಗ್ರಹ ಖಾಲಿ ಮಾಡಿ."

"ಖಾಲಿ ಮಾಡು ಅಂದ್ಬಿಟ್ರೆ ಆಯ್ತಾ? ಒಳಗಿರೋದನ್ನ ಎಲ್ಲಿಡಬೇಕು? ಅಳತೆ ಬರ್ಕೊಳ್ಳದೆ ಹಳೇ ರವಿಕೆ ಬಿಚ್ಚಿಹಾಕ್ತಾರಾ ಯಾರಾದ್ರೂ?"

ಅಣ್ಣ ತೊಡೆ ತಟ್ಟಿ ನಕ್ಕ. "ನಿನ್ನಂಥ ದಡ್ಡಿ ಸಿಕ್ಕಿದ್ದು ನನ್ನ ಪುಣ್ಯ ಕಣೇ! ಖಾಲಿ ಮಾಡೋದು ಎಂಟನೇದಾಗ್ಲಿ. ಏಳನೇದು ನಕಲು ತೆಗೆದಿಡೋದು. ನಾಳೆ ಬರೀತೀನಿ."

ಹನ್ನೊಂದು ವರ್ಷದಿಂದ ಹೀಗೆಯೇ. ಬರೆದದ್ದನ್ನು ಅವನು ಓದಿ ಹೇಳುತ್ತಿದ್ದ, ಅವಳು ಎಡವಿದಲ್ಲೆಲ್ಲ ಬರಹ ತಿದ್ದುತ್ತಿದ್ದ. ಆದರೆ ಆ ನಾಳೆ ಎದೆನೋವು ಬಂತು.

*

"ಆರಾದ ಮೇಲೆ ಎಂಟೇ ಇದೆ," ಎಂದಳು ಕನ್ನಡಕದ ಹುಡುಗಿ, ಹಾಳೆ ಹಿಡಿದು.

"ಏಳನೇದು ನಕಲು ತೆಗೆಯೋದು," ಎಂದಳು ತಂಗಿ. "ನನಗೆ ಓದಿ ಹೇಳ್ತಿದ್ದಾಗ ಅವನೇ ಅಂದ."

ಗಡ್ಡದವನ ಮುಖ ಅರಳಿತು. "ಅಯ್ಯೋ! ಕರಡಿನ ಅಂಚಲ್ಲೆಲ್ಲ 'ದಡ್ಡಿ ಇಲ್ಲಿ ಎಡವಿದಳು' ಅಂತ ಇರುತ್ತಲ್ಲ, ಆ ದಡ್ಡಿ ನೀವೇನಾ ಅಕ್ಕಾ? ನಮ್ಮ ಗುಂಪಿಗೆಲ್ಲ ನೀವು ಗೊತ್ತು!"

ಹುಡುಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ತಂಗಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಅಣ್ಣ ಮನೆಯೊಳಗೆ ಕರೆಯುತ್ತಿದ್ದ ಹೆಸರನ್ನು ಲೋಕಕ್ಕೆಲ್ಲ ಸಾರಿದ್ದನಲ್ಲ! ಆದರೂ ಬಿಡದೆ ಹೇಳಿದಳು: "ನಕಲು ತೆಗೀದೆ ಖಾಲಿ ಮಾಡಿದ್ರೆ..."

"ಅದು ತಾನಾಗೇ ಆಗುತ್ತೆ ಅಕ್ಕಾ, ಆ ಭಾಗ ನಾನೇ ಮಾಡಿದ್ದು. ನಂಬರ್ ತಪ್ಪಿದೆ ಅಷ್ಟೆ." ಅವನು ಎಂಟನ್ನು ಏಳು ಮಾಡಿದ. "ನೀವು ಹೋಗಿ, ಗಾಡಿ ಬಂತು."

"ನಾನು ಬರೋವರೆಗೂ ಆ ಪೆಟ್ಟಿಗೆ ಮುಟ್ಟಬೇಡಿ."

"ಆಯ್ತು, ಆಯ್ತು," ಎಂದ, ತಲೆ ಎತ್ತದೆ.

ಸ್ಮಶಾನದಿಂದ ಮರಳುವಾಗ ಆರಕ್ಕೆ ಹತ್ತು ನಿಮಿಷವಿತ್ತು. ಗಡ್ಡದವನು ಬಾಗಿಲಲ್ಲೇ ನಿಂತಿದ್ದ.

"ಅಕ್ಕಾ, ಪರೀಕ್ಷೆ ಮಾಡೋಕೆ ಬೇರೆ ಪೆಟ್ಟಿಗೆ ಇರಲಿಲ್ಲ, ಇದರಲ್ಲೇ ಮಾಡಿದ್ವಿ. ನೀವು ಹೇಳಿದ್ದೇ ಸರಿ. ನಕಲು ಆಗಲಿಲ್ಲ."

"ಒಳಗಿದ್ದದ್ದು?"

"ಹೋಯ್ತು," ಎಂದವನು ಮರುಗಳಿಗೆಯೇ ಗೆಲುವಾದ. "ಆದ್ರೆ ಬಿಡುಗಡೆಗೆ ಮುಂಚೆ ಗೊತ್ತಾಯ್ತಲ್ಲ! ಸಾವಿರಾರು ಜನ ಬಚಾವಾದ್ರು. ಏಳನೇ ಹೆಜ್ಜೆ ಸೇರಿಸಿದೀವಿ, ಒಂದ್ಸಲ ಓದಿ ನೋಡ್ತೀರಾ?"

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಫೋನು ತೆರೆದಳು. ಅಣ್ಣನ ಹೆಸರಿತ್ತು, ನಗುವ ಚಿತ್ರವಿತ್ತು. ಕೆಳಗೆ ಬೆಳ್ಳಗಿನ ಜಾಗದ ನಡುವೆ ಸಣ್ಣ ಅಕ್ಷರದ ಒಂದು ಸಾಲು: ಇಲ್ಲಿ ಇನ್ನೂ ಯಾವ ಮಾತೂ ಆಗಿಲ್ಲ, ನೀವೇ ಶುರು ಮಾಡಿ.

ಆರು ಗಂಟೆಯಾಯಿತು. ಒಳಗೆ ಅಣ್ಣನ ಕೋಣೆಯಲ್ಲಿ ಚಪ್ಪಾಳೆ ಬಿತ್ತು.