ಪೆಟ್ಟಿಗೆಗೆ ಕಟ್ಟಿದ ದಾರ

ಐರಿಶ್ ಊರಾದ ಲೆಟರ್‌ಕೆನ್ನಿಯ ಹತ್ತಿರದ ಸಣ್ಣ ಚರ್ಚೊಂದರಲ್ಲಿ, ಅಂಗೈಯಗಲದ ಬೆಳ್ಳಿ ಪೆಟ್ಟಿಗೆಯೊಳಗೆ ಸಂತನೊಬ್ಬನ ಮೂಳೆಯ ಚೂರಿತ್ತು. ನಾನೂರು ವರ್ಷದ ಹಿಂದೆ, ನಕಲಿ ಮೂಳೆಗಳ ಕಾಟ ಹೆಚ್ಚಿದ್ದ ಕಾಲದಲ್ಲಿ, ಬಿಷಪ್ಪರು ಸಾಕ್ಷಿಗಳನ್ನು ವಿಚಾರಿಸಿ, ಕೆಂಪು ದಾರ ಸುತ್ತಿಸಿ, ಅರಗಿನ ಮುದ್ರೆ ಒತ್ತಿದ್ದರು.

ಗಂಡ ಪ್ರಹ್ಲಾದರು ತೀರಿಕೊಂಡ ಮೇಲೆ, ಆ ಊರಿನಲ್ಲಿ ಡಾಕ್ಟರಾಗಿದ್ದ ಮಗಳು ಅದಿತಿಯ ಮನೆಗೆ ಬಂದ ನೀಲಮ್ಮನಿಗೆ ಇದೊಂದೂ ತಿಳಿಯದು. ದೇವರಿರುವ ಜಾಗವೆಂದು ದಿನಾ ಅಲ್ಲಿಗೆ ಹೋಗುತ್ತಿದ್ದರು. ಸುಮ್ಮನೆ ಕೂರಲಾರದೆ ಚರ್ಚು ಗುಡಿಸುವ ಮುದುಕಿ ನೋರಾಳ ಜೊತೆ ಧೂಳು ಒರೆಸುತ್ತಿದ್ದರು. ಒಂದು ದಿನ ಪೆಟ್ಟಿಗೆಯ ದಾರ ಬಣ್ಣಗೆಟ್ಟು ಎಳೆ ಬಿಟ್ಟಿದ್ದು ಕಂಡಿತು. ಅದನ್ನು ಕತ್ತರಿಸಿ, ಪ್ರಹ್ಲಾದರು ಕೊನೆಯ ಸಲ ಚಾಮುಂಡಿ ಬೆಟ್ಟದಿಂದ ತಂದಿದ್ದ ಹೊಸ ದಾರ ಕಟ್ಟಿ ಕೈಮುಗಿದರು. ಹಳೆಯದನ್ನು ಹರಿಯುವ ನೀರಿಗೆ ಬಿಡಬೇಕೆಂದು ಮನೆಗೆ ತಂದರು.

ದಾರಕ್ಕಂಟಿದ್ದ ಅರಗಿನ ಚೂರು ನೋಡಿ ಅದಿತಿ ತಲೆಯ ಮೇಲೆ ಕೈಹೊತ್ತಳು. “ಅಯ್ಯೋ ಅಮ್ಮ, ಇದು ಸೀಲು! ಇದು ಹೋದ್ರೆ ಒಳಗಿರೋದು ಅದೇ ಮೂಳೆ ಅಂತ ಯಾರು ನಂಬ್ತಾರೆ? ಭಾನುವಾರ ಸಂತನ ಹಬ್ಬ ಬೇರೆ. ಯಾರೂ ನೋಡಿಲ್ಲ ತಾನೆ? ಸುಮ್ನಿದ್ಬಿಡು.”

“ನಾನು ನೋಡಿದೀನಲ್ಲೇ,” ಎಂದರು ನೀಲಮ್ಮ.

ಮರುದಿನ ಅದಿತಿಯನ್ನು ಕರೆದುಕೊಂಡು ಹೋಗಿ ಚರ್ಚಿನ ಪಾದ್ರಿ ಫಾದರ್ ಡೊನಾಲ್‌ಗೆ ಹೇಳಿಯೇಬಿಟ್ಟರು. ಅವರ ಮುಖ ಸಣ್ಣದಾಯಿತು. ಬಿಷಪ್ಪರ ಕಡೆಯವರಿಗೆ ನಂಬಿಕೆ ಬಾರದಿದ್ದರೆ ಪೆಟ್ಟಿಗೆ ಬೀರು ಸೇರುತ್ತದೆ, ಹಬ್ಬಕ್ಕೂ ಹೊರಗೆ ಬರುವುದಿಲ್ಲ ಎಂದರು. ನೋರಾ ಹುಡುಗಿಯಾಗಿದ್ದಾಗಿನಿಂದ ಪ್ರತಿ ಹಬ್ಬಕ್ಕೂ ಅದಕ್ಕೆ ಮುತ್ತಿಡುತ್ತ ಬಂದವಳು. ನೀಲಮ್ಮನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಶನಿವಾರ ಬಿಷಪ್ಪರ ಕಡೆಯಿಂದ ಮುದುಕ ಪಾದ್ರಿಯೊಬ್ಬರು ಭೂತಗನ್ನಡಿ ಹಿಡಿದು ಬಂದರು.

“ಮುಚ್ಚಳ ತೆಗೆದಿರಾ?”

“ಇಲ್ಲ,” ಎಂದರು ನೀಲಮ್ಮ. ಅದಿತಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು.

“ಹೇಗೆ ನಂಬಲಿ?”

ನೋರಾ ಸಿಡುಕಿದಳು. “ಅವಳು ಬಾಯಿ ಬಿಡದಿದ್ರೆ ನಿಮಗೆ ಗೊತ್ತಾಗ್ತಿತ್ತಾ ಫಾದರ್? ವರ್ಷಕ್ಕೊಮ್ಮೆ ಪೆಟ್ಟಿಗೆ ನೋಡೋಕೂ ಬರಲ್ಲ ನೀವು!”

ಪಾದ್ರಿ ನಕ್ಕುಬಿಟ್ಟರು. ಮುಚ್ಚಳದ ಸಂದಿನಲ್ಲಿ ಹಳೆಯ ಕೊಳೆ ಗಟ್ಟಿಯಾಗಿ ಕೂತಿತ್ತು, ಎಲ್ಲೂ ಕದಲಿರಲಿಲ್ಲ. ನೀಲಮ್ಮನ ಮಾತನ್ನು ಬರೆದುಕೊಂಡು ಸಹಿ ಕೇಳಿದರು. ನೀಲಮ್ಮ ಕನ್ನಡದಲ್ಲೇ ಹಾಕಿದರು. “ಗ್ರ್ಯಾಂಡ್! ಎಲ್ಲ ಸರಿಯಾಯ್ತು,” ಎಂದರು ಫಾದರ್ ಡೊನಾಲ್. ಬೆಟ್ಟದ ದಾರ ಬಿಚ್ಚಿ, ಹೊಸ ದಾರ ಸುತ್ತಿ, ಅರಗು ಒತ್ತಿದ್ದಾಯಿತು.

ಬಿಚ್ಚಿದ ದಾರವನ್ನು ನೀಲಮ್ಮ ಸೆರಗಿಗೆ ಗಂಟು ಹಾಕಿಕೊಳ್ಳಬೇಕೆನ್ನುವಷ್ಟರಲ್ಲಿ ನೋರಾ ಮಣಿಕಟ್ಟು ಮುಂದೆ ಮಾಡಿದಳು.

“ನಾಲ್ಕು ದಿನ ಸಂತನನ್ನ ತಬ್ಬಿಕೊಂಡಿದ್ದ ದಾರ. ಎಲ್ಲಾ ನೀನೇ ಇಟ್ಕೊಂಡ್ರೆ ಹೇಗೆ?”

ನೀಲಮ್ಮ ಪ್ರಹ್ಲಾದರು ತಂದ ದಾರವನ್ನು ಎರಡು ಮಾಡಿ ಮೊದಲು ಅವಳಿಗೆ ಕಟ್ಟಿದರು. ತಮ್ಮ ಕೈಗೆ ಕಟ್ಟಲು ನೋರಾಳಿಗೆ ಹೇಳಿದರು. ಅವಳ ಗಂಟು ಎರಡು ಸಲ ಜಾರಿ, ಮೂರನೆಯ ಸಲ ನಿಂತಿತು.